ಎರಡನೆಯ ಮಾಸ್ತರು ಎಲ್ಲಿ?

ಹೊರನಾಡ ಕನ್ನಡಿಗರು ಸೇರಿದಲ್ಲಿ ಹಳ್ಳಿಯ ಕನ್ನಡ ಶಾಲೆಯ ಮಾತು ಬಂತೆಂದರೆ ಎರಡು ಸ್ವರಗಳು ಕೇಳಿಬರುತ್ತವೆ. ಮೊದಲನೆಯದು ಗದ್ಗದ ಸ್ವರ: ಎಂಥ ಮಾಸ್ತರಿದ್ದರು, ಎಂಥ ಮಗ್ಗಿ ಬಾಯಿಪಾಠ ಮಾಡಿಸಿದರು, ಆ ಸೋರುವ ಹಂಚಿನ ಕೆಳಗೆ ಕಲಿತೇ ಅಲ್ಲವೆ ನಾವು ಇಲ್ಲಿಯವರೆಗೆ ಬಂದದ್ದು! ಎರಡನೆಯದು ಲೆಕ್ಕಿಗನ ಸ್ವರ: ಹದಿನೈದು ಮಕ್ಕಳಿಗಾಗಿ ಒಂದು ಶಾಲೆಯೆಂದರೆ ದುಂದಲ್ಲವೆ, ಅಂಥ ನಾಲ್ಕನ್ನು ಮುಚ್ಚಿ ಒಂದು ದೊಡ್ಡ ಶಾಲೆ ಕಟ್ಟಿಸಿ ಬಸ್ಸು ಬಿಡಬಾರದೆ? ವಿಚಿತ್ರವೆಂದರೆ ಈ ಎರಡು ಸ್ವರಗಳೂ ಅನೇಕ ವೇಳೆ ಒಂದೇ ಗಂಟಲಿನಿಂದ, ಒಂದೇ ಸಂಜೆ ಹೊರಡುತ್ತವೆ. ಇವೆರಡೂ ಸುಳ್ಳು ಸ್ವರಗಳು, ಎರಡೂ ಸೇರಿ ಪ್ರಭುತ್ವದ ಒಂದು ದೊಡ್ಡ ಕರ್ತವ್ಯಲೋಪಕ್ಕೆ ಪರದೆ ಹಿಡಿದಿವೆ ಎಂಬುದು ನನ್ನ ವಾದ.

ವಾದವನ್ನು ಗಾಳಿಯಲ್ಲಿ ಕಟ್ಟಬಾರದು. ಘಟ್ಟದ ಮೇಲಿನ ಉತ್ತರ ಕನ್ನಡದಲ್ಲಿ, ನನ್ನ ಹುಟ್ಟೂರಿನಲ್ಲಿ, ಇಂಥದೊಂದು ಕಿರಿಯ ಪ್ರಾಥಮಿಕ ಶಾಲೆಯಿದೆ. ಒಂದರಿಂದ ಐದನೆಯ ತರಗತಿಯವರೆಗೆ ಹದಿನೇಳು ಮಕ್ಕಳು. ಕಟ್ಟಡಕ್ಕೆ ಕೊರತೆಯಿಲ್ಲ, ಗೋಡೆಗೆ ಬಣ್ಣವಿದೆ, ಶೌಚಾಲಯವಿದೆ, ಬಿಸಿಯೂಟದ ಕೋಣೆಯಿದೆ, ದಾನಿಗಳ ಹೆಸರು ಕೆತ್ತಿದ ಗೇಟೂ ಇದೆ. ಮಂಜೂರಾದ ಶಿಕ್ಷಕರ ಹುದ್ದೆಗಳು ಎರಡು. ಒಂದು ಹುದ್ದೆ ಕೆಲವು ವರ್ಷ ಖಾಲಿಯಿತ್ತು; ಅನಂತರ ತುಂಬಿತು; ತುಂಬಿದ ಮರುವರ್ಷವೇ ಆ ಶಿಕ್ಷಕರು ನಿಯೋಜನೆಯ ಮೇಲೆ ಬೇರೆಡೆಗೆ ಹೋದರು. ಕಾಗದದ ಮೇಲೆ ಇಬ್ಬರು, ಕೋಣೆಯಲ್ಲಿ ಒಬ್ಬರು. ಈ ಶಾಲೆಯನ್ನು ನಾನು ಅಪವಾದವೆಂದು ಹೇಳುತ್ತಿಲ್ಲ, ಸಾಮಾನ್ಯವೆಂದೇ ಹೇಳುತ್ತಿದ್ದೇನೆ.

ಅದು ಸಾಮಾನ್ಯವೆಂಬುದಕ್ಕೆ ಸರ್ಕಾರದ ಕಡತಗಳೇ ಸಾಕ್ಷಿ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೇ ಒಪ್ಪಿಕೊಂಡಂತೆ 2016-17ರಲ್ಲಿ ದೇಶದಲ್ಲಿ 1,08,017 ಏಕೋಪಾಧ್ಯಾಯ ಶಾಲೆಗಳಿದ್ದವು. ಅವುಗಳಲ್ಲಿ 85,743 ಶಾಲೆಗಳು ಒಂದರಿಂದ ಐದನೆಯ ತರಗತಿಯವು. ಎಂಟು ವರ್ಷ ಕಳೆದ ಮೇಲೆ, 2024-25ರ ಕೇಂದ್ರ ಶಿಕ್ಷಣ ಸಚಿವಾಲಯದ ಗಣತಿಯಲ್ಲಿ, ಆ ಸಂಖ್ಯೆ 1,04,125. ಅವುಗಳಲ್ಲಿ ಓದುವ ಮಕ್ಕಳು ಮೂವತ್ತಮೂರು ಲಕ್ಷಕ್ಕೂ ಮಿಕ್ಕು. ಕರ್ನಾಟಕದ ಪಾಲು 7,349 ಶಾಲೆಗಳು. ಎಂಟು ವರ್ಷಗಳಲ್ಲಿ ಲಕ್ಷಕ್ಕೆ ನಾಲ್ಕು ಸಾವಿರ ಇಳಿಸುವ ಈ ವೇಗಕ್ಕೆ ಪ್ರಗತಿಯೆಂಬ ಹೆಸರಿಡಲು ನಮ್ಮ ಅಧಿಕಾರಶಾಹಿಗೆ ಮಾತ್ರ ಸಾಧ್ಯ.

ಏಕೋಪಾಧ್ಯಾಯ ಶಾಲೆಯೆನ್ನುವುದು ಬಡತನದ ಅನಿವಾರ್ಯ ಫಲವಲ್ಲ, ಕಾನೂನಿನ ಉಲ್ಲಂಘನೆ ಎಂಬುದನ್ನು ಓದುಗರು ಗಮನಿಸಬೇಕು. ಪ್ರತಿ ಪ್ರಾಥಮಿಕ ಶಾಲೆಗೆ ಕನಿಷ್ಠ ಎರಡು ಕೋಣೆ, ಇಬ್ಬರು ಶಿಕ್ಷಕರು, ಅವರಲ್ಲಿ ಆದಷ್ಟು ಒಬ್ಬರು ಮಹಿಳೆ ಎಂದು 1987ರ ಕಪ್ಪುಹಲಗೆ ಕಾರ್ಯಾಚರಣೆಯ ಕಾಲದಲ್ಲಿಯೇ ವಚನವಿತ್ತಾಗಿತ್ತು. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯಿದೆಯ ಅನುಸೂಚಿ ಇನ್ನೂ ಖಚಿತವಾಗಿದೆ: ಅರವತ್ತು ಮಕ್ಕಳವರೆಗೆ ಇಬ್ಬರು ಶಿಕ್ಷಕರು. ಅರವತ್ತರ ಒಳಗೆ ಎಷ್ಟೇ ಇರಲಿ, ಹದಿನೇಳೇ ಇರಲಿ, ಇಬ್ಬರು. ಅದೇ ಕಾಯಿದೆಯ 26ನೆಯ ಪ್ರಕರಣದಂತೆ ಖಾಲಿ ಹುದ್ದೆಗಳು ಮಂಜೂರಾದ ಸಂಖ್ಯೆಯ ಶೇಕಡಾ ಹತ್ತನ್ನು ಮೀರಕೂಡದು. ಹೆಲ್ಮೆಟ್ಟಿಲ್ಲದೆ ಹೋಗುವ ಸಾಮಾನ್ಯನನ್ನು ಹಿಡಿದು ದಂಡ ಹಾಕುವ ಸರ್ಕಾರ ತನ್ನದೇ ಕಾಯಿದೆಯನ್ನು ಏಳು ಸಾವಿರ ಊರುಗಳಲ್ಲಿ ಪ್ರತಿದಿನ ಬೆಳಿಗ್ಗೆ ಪ್ರಾರ್ಥನೆಯ ಗಂಟೆಯೊಂದಿಗೆ ಮುರಿಯುತ್ತಿದೆ. ಅದಕ್ಕೆ ದಂಡ ತೆರುವವರು ಮಕ್ಕಳು.

ದಂಡ ಎಷ್ಟೆಂದು ಲೆಕ್ಕ ಹಾಕೋಣ. ಪ್ರಾರ್ಥನೆ, ಹಾಲು, ಊಟ ಕಳೆದು ದಿನಕ್ಕೆ ಐದು ಗಂಟೆ ಉಳಿಯಿತೆನ್ನಿ. ಐದು ತರಗತಿಗಳಿಗೆ ಹಂಚಿದರೆ ಒಂದೊಂದಕ್ಕೆ ಒಂದು ಗಂಟೆ. ಕನ್ನಡ, ಇಂಗ್ಲಿಷ್, ಗಣಿತ, ಪರಿಸರ ಅಧ್ಯಯನ ಎಂದು ಹಂಚಿದರೆ ಒಂದೊಂದು ವಿಷಯಕ್ಕೆ ಹದಿನೈದು ನಿಮಿಷ. ಉಳಿದ ನಾಲ್ಕು ಗಂಟೆ ಮಗು ನಕಲು ಬರೆಯುತ್ತ, ಗದ್ದಲ ಮಾಡುತ್ತ, ಗದ್ದಲ ಮಾಡಬೇಡವೆಂದು ಹೇಳಿಸಿಕೊಳ್ಳುತ್ತ ಕುಳಿತಿರುತ್ತದೆ. ಇಂಗ್ಲಿಷ್ ಅಕ್ಷರ ಇಪ್ಪತ್ತಾರು. ಕನ್ನಡದ ಮಗುವಿಗೋ ವರ್ಣಮಾಲೆ, ಅದರ ಮೇಲೆ ಕಾಗುಣಿತ, ಅದರ ಮೇಲೆ ಒತ್ತಕ್ಷರ. ‘ಕಮಲ’ ಓದಿದ ಮಗು ‘ಕಾಲು’ವಿನಲ್ಲಿ ನಿಲ್ಲುತ್ತದೆ, ‘ಕಾಲು’ ದಾಟಿದ ಮಗು ‘ಕಲ್ಲು’ವಿನಲ್ಲಿ ಎಡವುತ್ತದೆ. ಎಡವಿದ ಗಳಿಗೆಯಲ್ಲಿ ಪಕ್ಕದಲ್ಲಿ ಕುಳಿತು ತಿದ್ದುವವರು ಬೇಕು. ಒಮ್ಮೆ ಪಟ್ಟು ಸಿಕ್ಕಿತೆಂದರೆ ಬರೆದಂತೆ ಓದುವ ಈ ಲಿಪಿಯಷ್ಟು ಉದಾರವಾದ ಲಿಪಿ ಇಲ್ಲ. ಆದರೆ ಎರಡನೆಯ ತರಗತಿಯಲ್ಲಿ ಕೈಬಿಟ್ಟ ಮಗು ಐದನೆಯ ತರಗತಿಯ ಇತಿಹಾಸವನ್ನೂ ಗಣಿತವನ್ನೂ ಚಿತ್ರ ನೋಡಿಯೇ ಮುಗಿಸಬೇಕಾಗುತ್ತದೆ. 2024ರ ಅಸರ್ ವರದಿಯಂತೆ ಗ್ರಾಮೀಣ ಭಾರತದ ಸರ್ಕಾರಿ ಶಾಲೆಗಳ ಮೂರನೆಯ ತರಗತಿಯ ಮಕ್ಕಳಲ್ಲಿ ಎರಡನೆಯ ತರಗತಿಯ ಪಾಠವನ್ನು ಓದಬಲ್ಲವರು ಶೇಕಡಾ 23.4. ನೂರರಲ್ಲಿ ಎಪ್ಪತ್ತಾರು ಮಕ್ಕಳು ಅಕ್ಷರದ ಬಾಗಿಲ ಹೊರಗೇ ನಿಂತಿದ್ದಾರೆ. ಇದು ಮಕ್ಕಳ ಬುದ್ಧಿಯ ವರದಿಯಲ್ಲ, ನಮ್ಮ ವ್ಯವಸ್ಥೆಯ ವರದಿ.

ಆ ಒಬ್ಬ ಶಿಕ್ಷಕಿಯಾದರೂ ಪೂರ್ತಿಯಾಗಿ ಮಕ್ಕಳ ಪಾಲಿಗೆ ಸಿಗುತ್ತಾಳೆಯೆ? ಅಕ್ಷರ ದಾಸೋಹದ ಅಕ್ಕಿ-ಬೇಳೆಯ ಲೆಕ್ಕ, ಮೊಟ್ಟೆ-ಬಾಳೆಹಣ್ಣಿನ ಲೆಕ್ಕ, ಹಾಲಿನ ಪುಡಿಯ ಲೆಕ್ಕ, ವಿದ್ಯಾರ್ಥಿವೇತನದ ಅರ್ಜಿ, ಮಕ್ಕಳ ಆಧಾರ್, ಅಂತರ್ಜಾಲಕ್ಕೆ ಏರಿಸಬೇಕಾದ ಹತ್ತೆಂಟು ಮಾಹಿತಿ, ಅದಕ್ಕಾಗಿ ಸಿಗ್ನಲ್ ಹುಡುಕಿ ಗುಡ್ಡ ಹತ್ತುವುದು. ಬಿಸಿಯೂಟ ಬೇಡವೆಂದು ನಾನು ಹೇಳುತ್ತಿಲ್ಲ. 2001ರ ನವೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ ಕೊಟ್ಟ ಆದೇಶದಿಂದ ಹಸಿದ ಹೊಟ್ಟೆಗಳಿಗೆ ಬಿದ್ದ ಆ ಅನ್ನ ಗಣರಾಜ್ಯದ ಕೆಲವೇ ಪುಣ್ಯಕಾರ್ಯಗಳಲ್ಲಿ ಒಂದು. ಆದರೆ ಲೆಕ್ಕ ಬರೆಯಲು ಒಬ್ಬ ಗುಮಾಸ್ತನನ್ನು ಹತ್ತು ಶಾಲೆಗೊಬ್ಬರಂತೆಯಾದರೂ ಕೊಡದ ಸರ್ಕಾರ, ಅನ್ನ ಕೊಟ್ಟ ಕೈಯಿಂದಲೇ ಅಕ್ಷರವನ್ನು ಕಸಿಯುತ್ತಿದೆ. ಕಾಯಿದೆಯ 27ನೆಯ ಪ್ರಕರಣ ದಶವಾರ್ಷಿಕ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಈ ಮೂರರ ಹೊರತು ಶಿಕ್ಷಕರನ್ನು ಬೋಧನೇತರ ಕೆಲಸಕ್ಕೆ ಹಚ್ಚಬಾರದೆನ್ನುತ್ತದೆ. ಆದರೂ 2025ರ ಸೆಪ್ಟೆಂಬರಿನಲ್ಲಿ ಆರಂಭವಾದ ಸಾಮಾಜಿಕ-ಶೈಕ್ಷಣಿಕ ಸಮೀಕ್ಷೆಗೆ ರಾಜ್ಯದ ಶಿಕ್ಷಕರನ್ನೇ ಮನೆಮನೆಗೆ ಕಳಿಸಲಾಯಿತು. ಅದು ಮುಗಿಯದಿದ್ದಾಗ ಅಕ್ಟೋಬರಿನಲ್ಲಿ ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೆ ಹತ್ತು ದಿನ ರಜೆಯನ್ನೇ ಘೋಷಿಸಲಾಯಿತು. ಸಮೀಕ್ಷೆ ಬೇಕೇ ಬೇಡವೇ ಎಂಬುದು ಬೇರೆ ಚರ್ಚೆ. ಖಾಸಗಿ ಶಾಲೆಗಳಿಗೆ ಈ ರಜೆ ಅನ್ವಯಿಸಲಿಲ್ಲ ಎಂಬುದಷ್ಟೇ ಇಲ್ಲಿ ಪ್ರಸ್ತುತ. ಹಿಂದುಳಿದವರ ಸ್ಥಿತಿಗತಿಯನ್ನು ಅಳೆಯಲು ಹಿಂದುಳಿದವರ ಮಕ್ಕಳ ಪಾಠವನ್ನೇ ನಿಲ್ಲಿಸಿದ ಈ ವಿಪರ್ಯಾಸ ಯಾವ ಪಕ್ಷದವರ ಕಣ್ಣಿಗೂ ಕುಕ್ಕಲಿಲ್ಲ.

ಈಗ ಲೆಕ್ಕಿಗರ ವಾದಕ್ಕೆ ಬರೋಣ. ಶಾಲೆ ಚಿಕ್ಕದಾದ್ದರಿಂದಲೇ ಗುಣಮಟ್ಟ ಕಳಪೆ ಎನ್ನುತ್ತಾರೆ ಇವರು. ಈ ಮಾತಿಗೆ ಕನ್ನಡನಾಡಿನಲ್ಲಿಯೇ ಉತ್ತರವಿದೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಕಾಡಂಚಿನ ಶಾಲೆಗಳಲ್ಲಿ, ಆಂಧ್ರದ ರಿಷಿ ವ್ಯಾಲಿಯ ಪ್ರಯೋಗವನ್ನು ಕಣ್ಣಾರೆ ಕಂಡುಬಂದ ಸರ್ಕಾರಿ ಶಿಕ್ಷಕರೇ ‘ನಲಿ-ಕಲಿ’ಯನ್ನು ಆರಂಭಿಸಿದರು. ಬೇರೆ ಬೇರೆ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿರುವುದನ್ನು ಶಾಪವೆಂದು ಭಾವಿಸದೆ ಬಂಡವಾಳ ಮಾಡಿಕೊಂಡದ್ದು ಅದರ ಹೆಚ್ಚುಗಾರಿಕೆ. ಪಾಠವನ್ನು ಮೈಲಿಗಲ್ಲುಗಳಾಗಿ ಒಡೆದು, ಕಾರ್ಡುಗಳನ್ನು ಮಾಡಿ, ಏಣಿಯ ಮೆಟ್ಟಿಲುಗಳಂತೆ ಜೋಡಿಸಿ, ಪ್ರತಿ ಮಗುವೂ ತನ್ನ ವೇಗದಲ್ಲಿ ಹತ್ತುವಂತೆ ಮಾಡಿದರು. ಕೆಲವರಿಗೆ ಮಾಸ್ತರ ಪೂರ್ಣ ನೆರವು, ಕೆಲವರಿಗೆ ಅರೆ ನೆರವು, ಕೆಲವರಿಗೆ ಗೆಳೆಯರ ನೆರವು, ಮುಂದೆ ಹೋದವರಿಗೆ ಸ್ವಂತ ಕಲಿಕೆ. ಚಿಕ್ಕ ಶಾಲೆಯ ಶಿಕ್ಷಣಶಾಸ್ತ್ರವೆಂದರೆ ಇದು. 2009-10ರಿಂದ ಇದು ರಾಜ್ಯದ ಎಲ್ಲ ಕನ್ನಡ ಮಾಧ್ಯಮ ಸರ್ಕಾರಿ ಶಾಲೆಗಳಿಗೆ ವಿಸ್ತರಿಸಿತು. ಆದರೆ ಶಿಕ್ಷಕರ ಹುಮ್ಮಸ್ಸಿನಿಂದ ಹುಟ್ಟಿದ್ದನ್ನು ಸುತ್ತೋಲೆಯಾಗಿ ಇಳಿಸಿದಾಗ ಕಾರ್ಡುಗಳು ಉಳಿದವು, ಹುಮ್ಮಸ್ಸು ಇಲಾಖೆಯ ಟಪಾಲಿನಲ್ಲಿ ಕಳೆದುಹೋಯಿತು. ಒಂದರಿಂದ ಮೂರನ್ನು ಒಬ್ಬರು, ನಾಲ್ಕು-ಐದನ್ನು ಇನ್ನೊಬ್ಬರು ನೋಡಿಕೊಳ್ಳುವುದಾದರೆ ಹದಿನೇಳು ಮಕ್ಕಳ ಶಾಲೆ ಜಗತ್ತಿನ ಯಾವ ಶ್ರೀಮಂತ ಶಾಲೆಗೂ ಅಸೂಯೆ ಹುಟ್ಟಿಸುವಂಥದು. ನಗರದ ದುಬಾರಿ ಶಾಲೆಗಳು ‘ನಮ್ಮಲ್ಲಿ ತರಗತಿಗೆ ಇಪ್ಪತ್ತೇ ಮಕ್ಕಳು’ ಎಂದು ಜಾಹೀರಾತು ಕೊಡುತ್ತವೆ. ಹಳ್ಳಿಯಲ್ಲಿ ಮಾತ್ರ ಅದೇ ಸಂಖ್ಯೆ ಮುಚ್ಚುವುದಕ್ಕೆ ಕಾರಣವಾಗುತ್ತದೆ!

ಖರ್ಚಿನ ಮಾತು. ಮೂವತ್ತು ವರ್ಷ ಸರ್ಕಾರಿ ಕಡತ ತಿರುವಿದವನಾಗಿ ‘ಮಿತವ್ಯಯ’ ಎಂಬ ಶಬ್ದ ಯಾರ ಮೇಲೆ ಬೀಳುತ್ತದೆ, ಯಾರನ್ನು ತಪ್ಪಿಸಿಕೊಂಡು ಹೋಗುತ್ತದೆ ಎಂಬುದು ನನಗೆ ತಕ್ಕಮಟ್ಟಿಗೆ ಗೊತ್ತು. ಗುಜರಾತಿನ ಗಿರ್ ಅರಣ್ಯದ ಬಾಣೇಜದಲ್ಲಿ ಒಬ್ಬನೇ ಒಬ್ಬ ಮತದಾರನಿಗಾಗಿ ಚುನಾವಣಾ ಆಯೋಗ ಮತಗಟ್ಟೆ ತೆರೆಯುತ್ತ ಬಂದಿದೆ. ಪ್ರಜಾಪ್ರಭುತ್ವದ ಘನತೆಯೆಂದು ನಾವೆಲ್ಲ ಹೆಮ್ಮೆಪಟ್ಟೆವು, ಪಡಬೇಕಾದದ್ದೇ. ಒಂದು ವೋಟಿಗೆ ತಲೆ ಎಣಿಸದ ಪ್ರಭುತ್ವ ಹದಿನೇಳು ಮಕ್ಕಳ ತಲೆಯನ್ನೇಕೆ ಎಣಿಸಬೇಕು? ಇನ್ನು ನಮ್ಮಂಥ ಕೇಂದ್ರ ನೌಕರರ ವಿಷಯ: ವರ್ಗಾವಣೆಯಿಂದ ನಮ್ಮ ಮಕ್ಕಳ ಓದಿಗೆ ತೊಂದರೆಯಾಗಬಾರದೆಂದು 1963ರಿಂದ ಕೇಂದ್ರೀಯ ವಿದ್ಯಾಲಯಗಳ ಜಾಲವನ್ನೇ ಸರ್ಕಾರ ಕಟ್ಟಿದೆ, ಪ್ರವೇಶದಲ್ಲಿ ನಮಗೆ ಮೊದಲ ಆದ್ಯತೆಯನ್ನಿತ್ತಿದೆ. ವಿಷಯಕ್ಕೊಬ್ಬ ಶಿಕ್ಷಕರಿರುವ ಸರ್ಕಾರಿ ಶಾಲೆ ಸಾಧ್ಯವೆಂಬುದಕ್ಕೆ ಬೇರೆ ಪುರಾವೆ ಬೇಕಿಲ್ಲ. ಅಡಿಕೆ ತೋಟದ ಆಳಿನ ಮಗುವಿಗೆ ಮಾತ್ರ ಅದೇ ಸರ್ಕಾರ ಅಶಕ್ತವಾಗುತ್ತದೆ ಎಂದರೆ ನಂಬುವುದು ಹೇಗೆ?

ಬಸ್ಸು ಬಿಡಿ ಎನ್ನುವವರು ಮಲೆನಾಡಿನ ಮಳೆಗಾಲವನ್ನು ಮರೆತಿದ್ದಾರೆ. ಅಲ್ಲಿ ಊರೆಂದರೆ ಒಂದೆಡೆ ಒತ್ತಿ ಕುಳಿತ ಮನೆಗಳಲ್ಲ, ಗುಡ್ಡಕ್ಕೊಂದು, ಹೊಳೆಯಾಚೆಗೊಂದು. ಬಸ್ಸು ನಿಲ್ಲುವ ಜಾಗಕ್ಕೆ ಬರಲು ಆರು ವರ್ಷದ ಮಗು ಕಾಲುಸಂಕ ದಾಟಬೇಕು. 2022ರ ಮಳೆಗಾಲದಲ್ಲಿ ಉಡುಪಿ ಜಿಲ್ಲೆಯಲ್ಲಿ ಶಾಲೆಯಿಂದ ಮರಳುತ್ತಿದ್ದ ಮಗುವೊಂದು ಕಾಲುಸಂಕದಿಂದ ಜಾರಿ ನೀರುಪಾಲಾದದ್ದನ್ನು ಕರಾವಳಿಯ ಮೂಲದ ನಮ್ಮ ಸದಸ್ಯರು ಮರೆತಿರಲಾರರು. ಶಾಲೆ ದೂರವಾದರೆ ಮೊದಲು ಬಿಡುವವಳು ಹುಡುಗಿ, ಅನಂತರ ಕೂಲಿಯವರ ಮಗ.

ಮತ್ತು ಮಕ್ಕಳ ಸಂಖ್ಯೆ ಇಳಿಯುವುದು ಪ್ರಕೃತಿನಿಯಮವೇನಲ್ಲ. ಊರುಗಳಲ್ಲಿ ಮಕ್ಕಳೇ ಕಡಿಮೆಯಾಗಿದ್ದಾರೆ, ನಿಜ. ಆದರೆ ಶಾಲೆ ಮುಚ್ಚುವ ವಿಧಾನವೊಂದಿದೆ. ಮುಂಬಯಿಯ ಕನ್ನಡಿಗರಿಗೆ ಅದನ್ನು ವಿವರಿಸಬೇಕಾಗಿಲ್ಲ. ಮಹಾನಗರಪಾಲಿಕೆಯ ಕನ್ನಡ ಶಾಲೆಗಳು ಬರಿದಾದ ಬಗೆಯನ್ನು ಅವರು ನೋಡಿದ್ದಾರೆ. ಮೊದಲು ನಿವೃತ್ತರಾದ ಶಿಕ್ಷಕರ ಜಾಗ ತುಂಬುವುದಿಲ್ಲ. ಪಾಠ ಸೊರಗುತ್ತದೆ. ಕೈಲಾದ ಪಾಲಕರು ಮಕ್ಕಳನ್ನು ಬಿಡಿಸುತ್ತಾರೆ. ಆಮೇಲೆ ಅಧಿಕಾರಿ ಬಂದು ಹಾಜರಿ ಪುಸ್ತಕ ನೋಡಿ, ಮಕ್ಕಳೇ ಇಲ್ಲವಲ್ಲ ಎಂದು ಷರಾ ಬರೆಯುತ್ತಾರೆ. ಗಿಡಕ್ಕೆ ನೀರು ನಿಲ್ಲಿಸಿದವನೇ ಬಂದು ಗಿಡ ಒಣಗಿದೆಯೆಂದು ದೃಢೀಕರಣ ಪತ್ರ ಕೊಟ್ಟಂತೆ.

‘ಪಾಲಕರೇ ಹಳದಿ ವ್ಯಾನಿನಲ್ಲಿ ಕಾನ್ವೆಂಟಿಗೆ ಕಳಿಸುತ್ತಿದ್ದಾರೆ, ಅವರಿಗೇ ಕನ್ನಡ ಬೇಡ’ ಎಂಬ ಆಕ್ಷೇಪ ಉಂಟು. ಕನ್ನಡ ಹೋರಾಟಗಾರರು ಇದಕ್ಕೆ ಇಂಗ್ಲಿಷಿನ ವ್ಯಾಮೋಹವೆಂದು ಹೆಸರಿಟ್ಟು ಶಪಿಸುತ್ತಾರೆ. ಕೂಲಿನಾಲಿ ಮಾಡಿ ಶುಲ್ಕ ಹೊಂದಿಸುವ ತಾಯಿಗೆ ವ್ಯಾಮೋಹವೆಂಬ ಪಟ್ಟ ಕಟ್ಟುವುದಕ್ಕೆ, ಮಕ್ಕಳನ್ನು ಇಂಗ್ಲಿಷ್ ಮಾಧ್ಯಮದಲ್ಲಿ ಓದಿಸಿರುವ ನಮ್ಮ ವರ್ಗಕ್ಕೆ ಯಾವ ಅಧಿಕಾರವೂ ಇಲ್ಲ. ಆಕೆ ಕೊಳ್ಳುತ್ತಿರುವುದು ನಿಜವಾಗಿ ಇಂಗ್ಲಿಷನ್ನಲ್ಲ. ದಿನವೂ ಬಾಗಿಲು ತೆರೆಯುವ, ತರಗತಿಗೊಬ್ಬ ಟೀಚರು ಇರುವ ಭರವಸೆಯನ್ನು. ಸರ್ಕಾರ 2007-08ರಿಂದ ಒಂದನೆಯ ತರಗತಿಯಿಂದಲೇ ಇಂಗ್ಲಿಷನ್ನು ಒಂದು ವಿಷಯವಾಗಿ ಕಲಿಸಲಾರಂಭಿಸಿತು. 2019ರಲ್ಲಿ ಸಾವಿರ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗಗಳನ್ನೇ ತೆರೆಯಿತು. ಕಲಿಸುವವರಿಲ್ಲದ ಕಡೆ ಮಾಧ್ಯಮ ಬದಲಿಸುವುದೆಂದರೆ ನೀರಿಲ್ಲದ ಬಾವಿಗೆ ಹೊಸ ರಾಟೆ ಕಟ್ಟುವುದು.

1994ರ ಭಾಷಾನೀತಿಯ ಆದೇಶ 2014ರ ಮೇ 6ರಂದು ಸಂವಿಧಾನಪೀಠದ ಮುಂದೆ ಬಿದ್ದುಹೋದ ದಿನ ನಮ್ಮ ಸಂಘಗಳಲ್ಲಿ ಖಂಡನಾ ನಿರ್ಣಯಗಳಾದವು. ನೋವು ಸಹಜವೇ. ಆದರೆ ಆ ತೀರ್ಪು ಖಾಸಗಿ ಶಾಲೆಗಳ ಮೇಲೆ ಕನ್ನಡವನ್ನು ಕಡ್ಡಾಯ ಮಾಡಬಾರದೆಂದಿತೇ ಹೊರತು ಸರ್ಕಾರ ತನ್ನ ಶಾಲೆಗೆ ಎರಡನೆಯ ಮಾಸ್ತರನ್ನು ಕೊಡಬಾರದೆನ್ನಲಿಲ್ಲ. ಅವರ ಶಾಲೆಯಲ್ಲಿ ಕನ್ನಡ ಇರಬೇಕೆಂದು ಇಪ್ಪತ್ತು ವರ್ಷ ವ್ಯಾಜ್ಯ ಹೂಡಿದ ಸರ್ಕಾರ ತನ್ನ ಶಾಲೆಯಲ್ಲಿ ಕನ್ನಡ ಕಲಿಸುವವರು ಇದ್ದಾರೆಯೆ ಎಂದು ಇಪ್ಪತ್ತು ದಿನವಾದರೂ ಯೋಚಿಸಿದ್ದರೆ ಇಂದಿನ ಸ್ಥಿತಿ ಬೇರೆಯಾಗಿರುತ್ತಿತ್ತು.

ಬದಲಿಗೆ ಅದು ಮಾಡಿದ್ದು ಮಾದರಿ ಶಾಲೆಗಳನ್ನು ಕಟ್ಟುವುದು. 1986ರ ಶಿಕ್ಷಣ ನೀತಿಯೊಂದಿಗೆ ನವೋದಯ, 2010ರ ಸುಮಾರಿಗೆ ಆದರ್ಶ ವಿದ್ಯಾಲಯ, 2018ರಲ್ಲಿ ಕರ್ನಾಟಕ ಪಬ್ಲಿಕ್ ಶಾಲೆ, 2022ರಲ್ಲಿ ಪಿ.ಎಂ. ಶ್ರೀ. ಪಕ್ಷಗಳು ಬದಲಾದರೂ ಪದ್ಧತಿ ಬದಲಾಗಲಿಲ್ಲ. ಕೆಲವು ಶಾಲೆಗಳಿಗೆ ‘ಮಾದರಿ’ಯೆಂದು ಹೆಸರಿಡುವುದೆಂದರೆ ಉಳಿದವು ಮಾದರಿಯಾಗಬೇಕಿಲ್ಲವೆಂದು ಅಪ್ಪಣೆ ಕೊಟ್ಟಂತೆ. ಬಡವ-ಬಲ್ಲಿದರ ಮಕ್ಕಳು ಒಂದೇ ಬಗೆಯ ನೆರೆಹೊರೆಯ ಶಾಲೆಯಲ್ಲಿ ಕಲಿಯಬೇಕೆಂದು 1964-66ರ ಕೊಠಾರಿ ಆಯೋಗ ಹೇಳಿದ್ದ ಸಮಾನ ಶಾಲೆಯ ಕನಸಿಗೂ ಈ ಜಾತಿಶ್ರೇಣಿಗೂ ಏನು ಸಂಬಂಧ?

ಇನ್ನು ಗದ್ಗದ ಸ್ವರದವರಿಗೆ ಎರಡು ಮಾತು. ‘ನಮ್ಮ ಕಾಲದಲ್ಲಿ ಒಬ್ಬರೇ ಮಾಸ್ತರು ಎಲ್ಲವನ್ನೂ ಕಲಿಸಲಿಲ್ಲವೆ?’ ಎಂದು ಕೇಳುವವರು ತಮ್ಮ ಪಕ್ಕದಲ್ಲಿ ಕುಳಿತಿದ್ದವರನ್ನು ನೆನೆಯಲಿ. ಒಂದನೆಯ ಇಯತ್ತೆಯಲ್ಲಿದ್ದವರಲ್ಲಿ ಎಷ್ಟು ಜನ ನಾಲ್ಕನೆಯದಕ್ಕೆ ಬಂದರು? ದನ ಕಾಯಲು ಹೋದವರು, ಸೊಪ್ಪು ಹೊರಲು ಹೋದವರು, ಮುಂಬಯಿಯ ಹೋಟೆಲಿನಲ್ಲಿ ಲೋಟ ತೊಳೆಯಲು ಬಂದವರು ಎಲ್ಲಿ? ಇಲ್ಲಿಯ ಕನ್ನಡ ರಾತ್ರಿಶಾಲೆಗಳು ಹುಟ್ಟಿದ್ದೇ ಹಳ್ಳಿಶಾಲೆ ಕೈಬಿಟ್ಟ ಆ ಹುಡುಗರಿಗಾಗಿ ಎಂಬುದನ್ನು ಸಂಘದ ಹಿರಿಯರು ಬಲ್ಲರು. ದಡ ಸೇರಿದವರ ಸಾಕ್ಷ್ಯದಿಂದ ದೋಣಿ ಗಟ್ಟಿಯಿತ್ತೆಂದು ತೀರ್ಮಾನಿಸಲಾಗದು. ಮುಳುಗಿದವರು ಸಂಚಿಕೆಗೆ ಲೇಖನ ಬರೆಯುವುದಿಲ್ಲ.

ಈ ಭಾವುಕತೆಯಿಂದಲೇ ನಮ್ಮ ದಾನವೂ ಹುಟ್ಟುತ್ತದೆ: ಗೇಟು, ಧ್ವಜಸ್ತಂಭ, ಸರಸ್ವತಿಯ ಚಿತ್ರ, ಕರೆಂಟಿಲ್ಲದ ಕೋಣೆಗೆ ಕಂಪ್ಯೂಟರು. ಕೊಟ್ಟವರ ಹೃದಯ ದೊಡ್ಡದು, ಸಂಶಯವಿಲ್ಲ. ಆದರೆ ದಾನಿಯ ಹೆಸರು ಕೆತ್ತಲು ಕಲ್ಲು ಬೇಕು. ಶಿಕ್ಷಕಿಯ ಹಾಜರಿಯ ಮೇಲೆ ಯಾರ ಹೆಸರನ್ನೂ ಕೆತ್ತಲಾಗದು. ಅದಕ್ಕೇ ನಾವು ಕೇಳಲು ಸುಲಭವಾದುದನ್ನು ಬಿಟ್ಟು ಕೊಡಲು ಸುಲಭವಾದುದನ್ನು ಕೊಡುತ್ತಿದ್ದೇವೆ. ಸರ್ಕಾರಕ್ಕೂ ಇದು ಅನುಕೂಲ; ಬಣ್ಣ ಬಳಿದ ಗೋಡೆಯ ಮುಂದೆ ಫೋಟೋ ತೆಗೆಸಿಕೊಂಡರೆ ಖಾಲಿ ಕುರ್ಚಿ ಕಾಣುವುದಿಲ್ಲ.

ಶಿಕ್ಷಕವರ್ಗವನ್ನೂ ಪೂರ್ತಿ ಬಿಡುಗಡೆ ಮಾಡಲಾರೆ. ವೇತನಕ್ಕೂ ಪಿಂಚಣಿಗೂ ಸಾವಿರ ಸಂಖ್ಯೆಯಲ್ಲಿ ಬೀದಿಗಿಳಿಯುವ ಸಂಘಟನೆಗಳು, ಶಾಸಕರ ಪತ್ರ ಹಿಡಿದು ಪೇಟೆಗೆ ನಿಯೋಜನೆ ಮಾಡಿಸಿಕೊಳ್ಳುವ ತಮ್ಮವರ ಬಗ್ಗೆ ಒಂದು ದಿನ ಕಪ್ಪುಪಟ್ಟಿ ಕಟ್ಟಿದ್ದುಂಟೆ? ಹಾಗೆ ಹೋದವರ ಭಾರವನ್ನು ಹೊತ್ತು ಮಳೆಯಲ್ಲಿ ಮೂರು ಮೈಲಿ ನಡೆದು ಬಾಗಿಲು ತೆರೆಯುವ ಶಿಕ್ಷಕಿಗೂ ಅದೇ ಸಂಘಟನೆಯ ಸದಸ್ಯತ್ವವಿದೆ.

ಹಾಗಾದರೆ ಕೇಳಬೇಕಾದದ್ದೇನು? ಕಾಯಿದೆಯಂತೆ ಪ್ರತಿ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಇಬ್ಬರು ಶಿಕ್ಷಕರು ಕಾಗದದ ಮೇಲಲ್ಲ, ಕೋಣೆಯಲ್ಲಿರಬೇಕು. ಇಬ್ಬರೇ ಇರುವ ಶಾಲೆಯಿಂದ ನಿಯೋಜನೆಯನ್ನು ನಿಷೇಧಿಸಬೇಕು. ಹತ್ತಾರು ಶಾಲೆಗಳ ಕ್ಲಸ್ಟರಿಗೆ ಒಬ್ಬ ಗುಮಾಸ್ತ, ಸರದಿಯಲ್ಲಿ ಬರುವ ಒಬ್ಬ ಇಂಗ್ಲಿಷ್ ಶಿಕ್ಷಕ, ಒಬ್ಬ ಚಿತ್ರ-ಸಂಗೀತ ಶಿಕ್ಷಕ, ಒಂದು ಸಂಚಾರಿ ಗ್ರಂಥಾಲಯ ಇರಲಿ. ಮಕ್ಕಳು ದೊಡ್ಡ ಶಾಲೆಗೆ ಹೋಗುವ ಬದಲು ದೊಡ್ಡ ಶಾಲೆಯ ಸೌಕರ್ಯ ಮಕ್ಕಳಿದ್ದಲ್ಲಿಗೆ ಬರಲಿ. ಮೂರನೆಯ ತರಗತಿ ಮುಗಿಸಿದ ಮಗು ತಾನು ಕಂಡಿರದ ಒಂದು ಪುಟ ಕನ್ನಡವನ್ನು ತಡವರಿಸದೆ ಓದಬೇಕು, ಇದೇ ಗುಣಮಟ್ಟದ ಅಳತೆಗೋಲಾಗಲಿ. 2001ರಿಂದ ಇರುವ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ಜನವರಿ 26ರಂದೂ ಆಗಸ್ಟ್ 15ರಂದೂ ಮಂತ್ರಿಯ ಸಂದೇಶದ ಬದಲು ಮಕ್ಕಳ ಓದನ್ನು ಊರಿಗೆ ಕೇಳಿಸಲಿ.

ನಮ್ಮ ಸಂಘಗಳು ಮಾಡಬಹುದಾದ ಕೆಲಸವೂ ಇದೆ, ಅದಕ್ಕೆ ಚಂದಾ ಎತ್ತಬೇಕಾಗಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳ ಶಾಲೆಗಳಲ್ಲಿ ಮರಾಠಿ ಮೆರೆಯುತ್ತಿದ್ದಾಗ ಅಲ್ಲಿ ಕನ್ನಡವನ್ನು ಊರ್ಜಿತಗೊಳಿಸಿದವರು ವಿದ್ಯಾ ಇಲಾಖೆಯ ಅಧಿಕಾರಿ ಡೆಪ್ಯುಟಿ ಚೆನ್ನಬಸಪ್ಪನವರು. ಕಡತವನ್ನೇ ಆಯುಧ ಮಾಡಿಕೊಂಡ ಕನ್ನಡಿಗರ ಪರಂಪರೆ ನಮಗಿದೆ. 2005ರ ಮಾಹಿತಿ ಹಕ್ಕು ಕಾಯಿದೆಯಡಿ ಅರ್ಜಿಯ ಶುಲ್ಕ ಹತ್ತು ರೂಪಾಯಿ. ಪ್ರತಿಯೊಬ್ಬ ಸದಸ್ಯರೂ ತಮ್ಮ ತಾಲ್ಲೂಕಿನಲ್ಲಿ ಮಂಜೂರಾದ ಹುದ್ದೆಗಳೆಷ್ಟು, ಖಾಲಿ ಎಷ್ಟು, ನಿಯೋಜನೆಯಲ್ಲಿರುವವರೆಷ್ಟು, ಯಾರ ಆದೇಶದಿಂದ ಎಂದು ಕೇಳಲಿ. ಬಂದ ಉತ್ತರಗಳನ್ನು ಈ ಪತ್ರಿಕೆ ತಾಲ್ಲೂಕುವಾರು ಅಚ್ಚು ಮಾಡಲಿ, ಸಂಘ ಅವನ್ನು ಆಯಾ ಶಾಸಕರಿಗೆ ಕಳಿಸಲಿ. ರಾಜ್ಯೋತ್ಸವಕ್ಕೆ ಬೆಂಗಳೂರಿನಿಂದ ಮಂತ್ರಿಗಳನ್ನು ಕರೆಸಿ ಶಾಲು ಹೊದಿಸುತ್ತೇವಲ್ಲ. ಮುಂದಿನ ಸಲ ಶಾಲಿನ ಜೊತೆ ಆ ಪಟ್ಟಿಯನ್ನೂ ಕೈಗಿತ್ತು, ಎರಡನೆಯ ಮಾಸ್ತರು ಎಲ್ಲಿ ಎಂದು ವೇದಿಕೆಯ ಮೇಲೆಯೇ ಕೇಳೋಣ.